ಸ್ವಂತ ಮಾತು, ಅನ್ಯರ ವಿಚಾರ: ಆಕರವನ್ನು ಎಷ್ಟು ಬಾರಿ ಸೂಚಿಸಬೇಕು?

ಹೈಯರ್ ಸೆಕೆಂಡರಿ ತರಗತಿಗಳ ಸೆಮಿನಾರ್ ಪ್ರಬಂಧ ಹಾಗೂ ಪ್ರೊಜೆಕ್ಟ್ ವರದಿಗಳನ್ನು ಪರಿಶೀಲಿಸುವಾಗ, ಅಧ್ಯಾಪಕ ತರಬೇತಿಯ ಪ್ರಬಂಧಗಳನ್ನು ಓದುವಾಗ, ನಮ್ಮಲ್ಲಿಯೇ ಅನೇಕರು ಬರೆಯುವ ಕ್ರಿಯಾಸಂಶೋಧನೆಯ ವರದಿಗಳನ್ನು ತಿದ್ದುವಾಗ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಗ್ರಂಥದ ಮಾತನ್ನು ಇದ್ದಂತೆಯೇ ಎತ್ತಿಕೊಂಡರೆ ಉದ್ಧರಣ ಚಿಹ್ನೆಯೊಳಗಿಟ್ಟು ಆಕರವನ್ನು ಹೇಳಬೇಕೆಂಬ ವಿಷಯದಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಗ್ರಂಥದ ವಿಚಾರವನ್ನು ನಮ್ಮ ಸ್ವಂತ ಮಾತಿನಲ್ಲಿ ಐದಾರು ವಾಕ್ಯಗಳಷ್ಟು ನಿರೂಪಿಸಿದಾಗ ಆಕರವನ್ನು ಎಷ್ಟು ಬಾರಿ ಸೂಚಿಸಬೇಕು? ಪ್ರತಿಯೊಂದು ವಾಕ್ಯಕ್ಕೂ ಬೇಕೇ? ಖಂಡಿಕೆಯ ಕೊನೆಗೊಮ್ಮೆ ಆವರಣದಲ್ಲಿ ಹಾಕಿದರೆ ಸಾಕೇ? ಪ್ರಬಂಧದ ಕೊನೆಯ ಗ್ರಂಥಋಣದಲ್ಲಿ ಹೆಸರು ಬಂದಿದ್ದರೆ ಅಷ್ಟೇ ಸಾಲದೇ?

ಇದಕ್ಕೆ ಸಂಖ್ಯೆಯ ರೂಪದ ಉತ್ತರವನ್ನು ಯಾರೂ ಕೊಡಲಾರರು. ಕೊಡಬಹುದಾದದ್ದು ಒಂದು ಅಳತೆಗೋಲನ್ನು ಮಾತ್ರ. ಓದುಗನು ನಮ್ಮ ಬರೆಹದ ಯಾವುದೇ ವಾಕ್ಯದ ಮೇಲೆ ಬೆರಳಿಟ್ಟು ‘ಇದನ್ನು ಹೇಳುತ್ತಿರುವವರು ಯಾರು?’ ಎಂದು ಕೇಳಿದರೆ, ಪುಟ ತಿರುವದೆ, ಊಹೆ ಮಾಡದೆ ಉತ್ತರ ದೊರೆಯಬೇಕು. ಹಾಗೆ ದೊರೆಯಲು ಎಷ್ಟು ಬಾರಿ ಸೂಚಿಸುವುದು ಅಗತ್ಯವೋ ಅಷ್ಟು ಬಾರಿ ಸೂಚಿಸಬೇಕು. ಅದಕ್ಕಿಂತ ಹೆಚ್ಚಾದುದು ಹೊರೆ.

ನಮ್ಮ ಸಾಹಿತ್ಯದಲ್ಲಿಯೇ ಇದರ ಎರಡು ತುದಿಗಳನ್ನು ಕಾಣಬಹುದು. ಪಂಪನು ತನ್ನ ಭಾರತದ ಆರಂಭದಲ್ಲಿ ವ್ಯಾಸರನ್ನು ನೆನೆದು ಮುಂದೆ ಸಾಗುತ್ತಾನೆ. ಪೂರ್ವಕವಿಸ್ಮರಣೆ ಎಂಬ ಆ ಪದ್ಧತಿ ಒಂದು ಬಗೆಯ ಆಕರ ಸೂಚನೆಯೇ ಸರಿ. ಒಮ್ಮೆ ಹೇಳಿದ್ದು ಇಡೀ ಕಾವ್ಯಕ್ಕೆ ಸಾಕಾಗುತ್ತದೆ, ಏಕೆಂದರೆ ಮೂಲವು ಒಂದೇ, ಅದು ಕೇಳುವವರೆಲ್ಲರಿಗೂ ಪರಿಚಿತ, ಕವಿ ಎಲ್ಲಿ ಬೇರೆ ದಾರಿ ಹಿಡಿದನೆಂಬುದೂ ಬಲ್ಲವರಿಗೆ ತಿಳಿಯುತ್ತದೆ. ಇನ್ನೊಂದು ತುದಿಯಲ್ಲಿ 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲರ ನಿಘಂಟು ಇದೆ. ಅದನ್ನು ತೆರೆದರೆ ಶಬ್ದಮಣಿದರ್ಪಣ, ಬಸವಪುರಾಣ, ಜೈಮಿನಿ ಭಾರತ ಮೊದಲಾದವುಗಳ ಸಂಕ್ಷೇಪಾಕ್ಷರಗಳು ಸಾಲುಸಾಲಿಗೂ ಕಣ್ಣಿಗೆ ಬೀಳುತ್ತವೆ. ನಿಘಂಟಿನಲ್ಲಿ ಅರ್ಥದಿಂದ ಅರ್ಥಕ್ಕೆ, ಪದದಿಂದ ಪದಕ್ಕೆ ಆಕರ ಬದಲಾಗುವುದರಿಂದ ಅಲ್ಲಿ ಅಷ್ಟು ಸೂಚನೆಗಳು ಬೇಕೇಬೇಕು. ಅಂದರೆ ಸೂಚನೆ ಎಷ್ಟು ದಟ್ಟವಾಗಿರಬೇಕೆಂಬುದನ್ನು ನಿರ್ಧರಿಸುವುದು ಬರೆಹದ ಉದ್ದವಲ್ಲ, ಆಕರವು ಎಲ್ಲೆಲ್ಲಿ ಬದಲಾಗುತ್ತದೆ ಎಂಬುದು. ನಮ್ಮ ಪ್ರಬಂಧಗಳೂ ವರದಿಗಳೂ ಈ ಎರಡು ತುದಿಗಳ ನಡುವೆ ನಿಲ್ಲುತ್ತವೆ. ಹೆಚ್ಚಿನವು ನಾವೆಣಿಸುವುದಕ್ಕಿಂತ ನಿಘಂಟಿನ ಕಡೆಗೇ ವಾಲಿರುತ್ತವೆ.

ಒಂದು ಖಂಡಿಕೆಯ ಪರೀಕ್ಷೆ

ವಿಷಯವನ್ನು ಬರಿದೆ ಚರ್ಚಿಸುವುದಕ್ಕಿಂತ, ಭಾಷಾ ಅಲ್ಪಸಂಖ್ಯಾತ ಶಾಲೆಗಳ ಅಧ್ಯಾಪಕರಾದ ನಮಗೆಲ್ಲ ಪರಿಚಿತವಾದ ಒಂದು ಪ್ರಸಂಗವನ್ನೇ ತೆಗೆದುಕೊಳ್ಳೋಣ. ಮಾತೃಭಾಷಾ ಶಿಕ್ಷಣದ ಹಕ್ಕಿನ ಬಗ್ಗೆ ಲೇಖನವನ್ನೋ ಮನವಿಯನ್ನೋ ಬರೆಯುವಾಗ ಕೆಳಗಿನಂತಹ ಖಂಡಿಕೆ ಸಿದ್ಧವಾಗುವುದು ಬಹಳ ಸುಲಭ. ಇದು ಈ ಪಾಠಕ್ಕಾಗಿ ರಚಿಸಿದ ಮಾದರಿ.

‘ಭಾಷಾ ಅಲ್ಪಸಂಖ್ಯಾತ ವರ್ಗಗಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣ ದೊರೆಯುವ ಸೌಕರ್ಯವನ್ನು ಪ್ರತಿಯೊಂದು ರಾಜ್ಯವೂ ಒದಗಿಸಬೇಕು. ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಅಧ್ಯಾಪಕರೊಬ್ಬರನ್ನಾದರೂ ನೇಮಿಸಬೇಕು. ಮಗುವಿನ ಮಾತೃಭಾಷೆ ಯಾವುದೆಂಬುದಕ್ಕೆ ತಂದೆತಾಯಿಗಳ ಅಥವಾ ಪೋಷಕರ ಹೇಳಿಕೆಯೇ ಆಧಾರ. ಸಾಧ್ಯವಾದ ಮಟ್ಟಿಗೆ ಬೋಧನಮಾಧ್ಯಮವು ಮಗುವಿನ ಮಾತೃಭಾಷೆಯೇ ಆಗಿರಬೇಕು. ಗಡಿಭಾಗದ ಶಾಲೆಗಳಲ್ಲಿ ಇವು ಪೂರ್ಣವಾಗಿ ಪಾಲನೆಯಾಗುತ್ತಿಲ್ಲ (ಭಾರತದ ಸಂವಿಧಾನ, ವಿಧಿ 350ಎ).’

ಓದಲು ಖಂಡಿಕೆ ನೇರವಾಗಿದೆ. ಭಾಷೆ ಶುದ್ಧವಾಗಿದೆ. ಕೊನೆಯಲ್ಲಿ ಆಕರವೂ ಇದೆ. ಹೆಚ್ಚಿನ ಪರಿಶೀಲಕರು ಇದರ ಪಕ್ಕದಲ್ಲಿ ಸರಿಗುರುತು ಹಾಕಿ ಮುಂದೆ ಹೋಗುತ್ತಾರೆ. ಆದರೆ ಒಂದೊಂದೇ ವಾಕ್ಯದ ಮೇಲೆ ಬೆರಳಿಟ್ಟು ನೋಡಿದಾಗ ಬೇರೊಂದು ಚಿತ್ರ ಕಾಣುತ್ತದೆ.

ಮೊದಲನೆಯ ವಾಕ್ಯ ಮಾತ್ರ 350ಎ ವಿಧಿಯದು. 1956ರ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ಆ ವಿಧಿಯಲ್ಲಿ 40 ಎಂಬ ಸಂಖ್ಯೆಯೂ ಇಲ್ಲ, 10 ಎಂಬ ಸಂಖ್ಯೆಯೂ ಇಲ್ಲ. ಆ ಸಂಖ್ಯೆಗಳು 1949ರ ಆಗಸ್ಟ್ ತಿಂಗಳಲ್ಲಿ ನಡೆದ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನದ ನಿರ್ಣಯದಿಂದ ಬಂದವು. ಪೋಷಕರ ಹೇಳಿಕೆಯೇ ಆಧಾರವೆಂಬ ಮೂರನೆಯ ವಾಕ್ಯವೂ ಅದೇ ನಿರ್ಣಯದ್ದು. ನಾಲ್ಕನೆಯ ವಾಕ್ಯ ಇವೆರಡರದ್ದೂ ಅಲ್ಲ; ಅದು ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಅಧಿನಿಯಮ, 2009ರ 29ನೆಯ ಕಲಮಿನ ಅಂಶ. ಐದನೆಯದು ಬರೆದವರ ಸ್ವಂತ ಅಭಿಪ್ರಾಯ. ಅದರ ಬೆನ್ನಿಗೇ ಆವರಣ ಬಂದಿರುವುದರಿಂದ, ಗಡಿಭಾಗದ ಶಾಲೆಗಳ ಸ್ಥಿತಿಗತಿಯನ್ನು ಸಂವಿಧಾನವೇ ಹೇಳಿದೆಯೆಂಬ ವಿಚಿತ್ರ ಅರ್ಥ ಹೊರಡುತ್ತದೆ!

ಇದು ಬರಿಯ ಶಿಸ್ತಿನ ಪ್ರಶ್ನೆಯಲ್ಲ. ಈ ಖಂಡಿಕೆ ಉಪಜಿಲ್ಲಾ ವಿದ್ಯಾಧಿಕಾರಿಗಳ ಕಚೇರಿಗೆ ಹೋಗುವ ಮನವಿಯಲ್ಲಿದ್ದರೆ, ಅಲ್ಲಿ ಕುಳಿತವರು ಸಂವಿಧಾನದ ಪ್ರತಿಯನ್ನು ತೆರೆದು 350ಎ ವಿಧಿಯನ್ನು ಓದಬಹುದು. ಹತ್ತು ಮಕ್ಕಳ ಮಾತು ಅಲ್ಲಿ ಕಾಣದಿದ್ದಾಗ, ಆ ಒಂದು ವಾಕ್ಯದ ಜತೆಗೆ ಇಡೀ ಮನವಿಯೇ ಹಗುರವಾಗಿಬಿಡುತ್ತದೆ. ನಿರ್ಣಯ ನಿಜವಾಗಿ ಇದೆ, ಅದರ ಮಾತು ನಮಗೆ ಅನುಕೂಲವಾಗಿಯೂ ಇದೆ. ಆದರೆ ತಪ್ಪು ವಿಳಾಸ ಬರೆದ ಕಾಗದದಂತೆ ಅದು ಸೇರಬೇಕಾದಲ್ಲಿಗೆ ಸೇರುವುದಿಲ್ಲ. ಆಕರ ಸೂಚನೆಯನ್ನು ಕೃತಿಚೌರ್ಯದ ಆರೋಪದಿಂದ ತಪ್ಪಿಸಿಕೊಳ್ಳುವ ಉಪಾಯವೆಂದು ಮಾತ್ರ ವಿದ್ಯಾರ್ಥಿಗಳಿಗೆ ಕಲಿಸುವುದು ಸಾಲದೆಂದು ನನಗನಿಸುವುದು ಇಂಥ ಕಡೆಗಳಲ್ಲಿ. ವಾದಕ್ಕೆ ಬಲ ಬರುವುದೇ ಅದರಿಂದ.

ಅದೇ ಖಂಡಿಕೆಯನ್ನು ಹೀಗೆ ತಿದ್ದಬಹುದು:

‘ಭಾಷಾ ಅಲ್ಪಸಂಖ್ಯಾತ ವರ್ಗಗಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣ ದೊರೆಯಲು ಸಾಕಷ್ಟು ಸೌಕರ್ಯ ಒದಗಿಸುವ ಪ್ರಯತ್ನವನ್ನು ಪ್ರತಿಯೊಂದು ರಾಜ್ಯವೂ ಅದರೊಳಗಿನ ಸ್ಥಳೀಯ ಅಧಿಕಾರ ಸಂಸ್ಥೆಗಳೂ ಮಾಡತಕ್ಕದ್ದೆಂದು ಸಂವಿಧಾನ ಹೇಳುತ್ತದೆ (ವಿಧಿ 350ಎ). ಮಕ್ಕಳ ಸಂಖ್ಯೆಯ ಮಾನದಂಡವಾದರೋ ಇದಕ್ಕೂ ಹಿಂದಿನದು. 1949ರ ಆಗಸ್ಟ್‌ನಲ್ಲಿ ನಡೆದ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನದ ನಿರ್ಣಯದ ಪ್ರಕಾರ, ಇಡೀ ಶಾಲೆಯಲ್ಲಿ 40ಕ್ಕೆ ಅಥವಾ ಒಂದು ತರಗತಿಯಲ್ಲಿ 10ಕ್ಕೆ ಕಡಮೆಯಿಲ್ಲದಷ್ಟು ಮಕ್ಕಳಿದ್ದರೆ ಆ ಭಾಷೆಯಲ್ಲಿ ಕಲಿಸಲು ಕನಿಷ್ಠ ಒಬ್ಬ ಅಧ್ಯಾಪಕರನ್ನು ನೇಮಿಸಬೇಕು. ಮಾತೃಭಾಷೆ ಯಾವುದೆಂದು ನಿರ್ಧರಿಸಲು ತಂದೆತಾಯಿಗಳ ಅಥವಾ ಪೋಷಕರ ಹೇಳಿಕೆಯನ್ನೇ ಆ ನಿರ್ಣಯ ಆಧಾರವಾಗಿ ಸ್ವೀಕರಿಸುತ್ತದೆ. ಬೋಧನಮಾಧ್ಯಮವು ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಾಗಿರಬೇಕೆಂಬ ಮಾತು 2009ರ ಶಿಕ್ಷಣ ಹಕ್ಕು ಅಧಿನಿಯಮದಲ್ಲಿಯೂ ಬರುತ್ತದೆ (ಕಲಂ 29(2)(ಎಫ್)). ಇವು ನಮ್ಮ ಭಾಗದ ಶಾಲೆಗಳಲ್ಲಿ ಪೂರ್ಣವಾಗಿ ಪಾಲನೆಯಾಗುತ್ತಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ. ಅದರ ಆಧಾರಗಳನ್ನು ಮುಂದಿನ ಕೋಷ್ಟಕದಲ್ಲಿ ಕೊಟ್ಟಿದೆ.’

ಇಲ್ಲಿ ಆವರಣದ ಸೂಚನೆಗಳು ಎರಡೇ. ಆದರೂ ಪ್ರತಿಯೊಂದು ವಾಕ್ಯಕ್ಕೂ ಒಡೆಯರು ಸಿಕ್ಕಿದ್ದಾರೆ. 1949ರ ನಿರ್ಣಯದ ಎರಡು ವಾಕ್ಯಗಳಿಗೆ ಎರಡು ಆವರಣಗಳು ಬೇಕಾಗಲಿಲ್ಲ. ಮೊದಲನೆಯದರಲ್ಲಿ ಪೂರ್ಣ ಹೆಸರು, ಎರಡನೆಯದರಲ್ಲಿ ‘ಆ ನಿರ್ಣಯ’ ಎಂಬ ಎರಡು ಪದಗಳು ಸಾಕಾದವು. ಆಕರ ಬದಲಾದಲ್ಲಿ ಹೊಸ ಹೆಸರು ಬಂತು. ಬರೆದವರ ಮಾತು ಆರಂಭವಾದಲ್ಲಿ ಅದನ್ನೂ ಹೇಳಿಬಿಟ್ಟಾಯಿತು. ಈ ಕೊನೆಯದನ್ನು ನಮ್ಮ ವಿದ್ಯಾರ್ಥಿಗಳು ಬಹುಮಟ್ಟಿಗೆ ಮರೆಯುತ್ತಾರೆ. ಅನ್ಯರ ಮಾತು ಎಲ್ಲಿ ಆರಂಭವಾಯಿತೆಂಬುದನ್ನು ಹೇಳಿದರೆ ಅರ್ಧ ಕೆಲಸವಾಯಿತು. ಎಲ್ಲಿ ಮುಗಿಯಿತೆಂಬುದನ್ನು ಹೇಳಿದರೆ ಉಳಿದ ಅರ್ಧವೂ ಆಯಿತು.

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಮೊದಲ ಖಂಡಿಕೆಯಲ್ಲಿ ‘ಒದಗಿಸಬೇಕು’ ಎಂದಿತ್ತು, ತಿದ್ದಿದ್ದರಲ್ಲಿ ‘ಒದಗಿಸುವ ಪ್ರಯತ್ನವನ್ನು ಮಾಡತಕ್ಕದ್ದು’ ಎಂದಾಗಿದೆ. ಸಂವಿಧಾನ ಹೇಳುವುದು ಎರಡನೆಯದನ್ನು. ಸ್ವಂತ ಮಾತಿನಲ್ಲಿ ಹೇಳುವಾಗ ಕ್ರಿಯಾಪದದ ಬಲ ಹೀಗೆ ಅರಿವಿಲ್ಲದೆ ಏರುತ್ತದೆ ಅಥವಾ ಇಳಿಯುತ್ತದೆ. ಆಕರವನ್ನು ನಿಖರವಾಗಿ ಸೂಚಿಸುವ ಅಭ್ಯಾಸವಿರುವವರು ಸೂಚನೆ ಬರೆಯುವ ಮುನ್ನ ಮೂಲವನ್ನು ಇನ್ನೊಮ್ಮೆ ನೋಡುತ್ತಾರೆ, ಇಂಥ ಏರುಪೇರು ಆಗ ಕಣ್ಣಿಗೆ ಬೀಳುತ್ತದೆ. ಖಂಡಿಕೆಯ ಕೊನೆಗೊಂದು ಆವರಣ ಅಂಟಿಸುವವರಿಗೆ ಆ ಅವಕಾಶವೇ ಇಲ್ಲ.

ಅತಿಯಾದರೆ

ಮಿತಿ ಮೀರಿದ ಸೂಚನೆಯೂ ದೋಷವೇ. 1949ರ ನಿರ್ಣಯವನ್ನೇ ಕುರಿತು ನಾಲ್ಕು ವಾಕ್ಯ ಬರೆದು, ನಾಲ್ಕರ ಕೊನೆಗೂ ‘(ನಿರ್ಣಯ, 1949)’ ಎಂದು ಹಾಕಿದರೆ ಓದುಗನ ಕಣ್ಣು ಹೆಜ್ಜೆಹೆಜ್ಜೆಗೂ ಎಡವುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಂದು ಆಕರಕ್ಕೂ ಇನ್ನೊಂದಕ್ಕೂ ನಡುವಣ ಗಡಿ ಎಲ್ಲಿದೆಯೆಂಬುದು ಆವರಣಗಳ ರಾಶಿಯಲ್ಲಿ ಮರೆಯಾಗುತ್ತದೆ. ಎಲ್ಲ ವಾಕ್ಯಗಳಿಗೂ ಸೂಚನೆಯಿರುವ ಪ್ರಬಂಧವನ್ನು ಓದಿದಾಗ ಬರೆದವರು ತಾವಾಗಿ ಏನನ್ನೂ ಹೇಳಲಿಲ್ಲವೇನೋ ಎಂಬ ಸಂಶಯವೂ ಹುಟ್ಟುತ್ತದೆ. ಹಲವು ಸಲ ಅದು ಸಂಶಯ ಮಾತ್ರವಲ್ಲ, ನಿಜವೂ ಹೌದು.

ಸಮಾಜವಿಜ್ಞಾನ ಮತ್ತು ಶಿಕ್ಷಣಶಾಸ್ತ್ರದ ಬರೆಹಗಳಲ್ಲಿ ಹೆಚ್ಚಾಗಿ ಅನುಸರಿಸಲಾಗುವ ಅಮೇರಿಕನ್ ಸೈಕಲಾಜಿಕಲ್ ಅಸೋಸಿಯೇಶನ್ನಿನ ಕೈಪಿಡಿ, ಅಂದರೆ ಎ.ಪಿ.ಎ. ಕೈಪಿಡಿ, ತನ್ನ 7ನೆಯ ಆವೃತ್ತಿಯಲ್ಲಿ ಇದೇ ನಿಲುವನ್ನು ತಳೆಯುತ್ತದೆ. ಅದರಂತೆ, ಹಲವು ವಾಕ್ಯಗಳ ನಿರೂಪಣೆಯಲ್ಲಿ ಮೊದಲ ವಾಕ್ಯದಲ್ಲಿ ಆಕರವನ್ನು ಸೂಚಿಸಿದರೆ, ಅದೇ ಆಕರ ಮುಂದುವರಿಯುತ್ತಿದೆಯೆಂಬುದು ಸ್ಪಷ್ಟವಿರುವ ತನಕ ಮತ್ತೆ ಸೂಚಿಸುವ ಅಗತ್ಯವಿಲ್ಲ. ಹೊಸ ಖಂಡಿಕೆ ಆರಂಭವಾದಾಗ ಮಾತ್ರ ಇನ್ನೊಮ್ಮೆ ಹೇಳಬೇಕು. ಪುಟಸಂಖ್ಯೆಯ ವಿಷಯದಲ್ಲಿ ಪದ್ಧತಿಗಳು ಬೇರೆಯಾಗುತ್ತವೆ. ಸ್ವಂತ ಮಾತಿನ ನಿರೂಪಣೆಗೆ ಪುಟಸಂಖ್ಯೆ ಕಡ್ಡಾಯವಲ್ಲವೆಂದು ಎ.ಪಿ.ಎ. ಹೇಳಿದರೆ, ಸಾಹಿತ್ಯ ವಿಭಾಗಗಳಲ್ಲಿ ಬಳಕೆಯಲ್ಲಿರುವ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಶನ್ನಿನ ಪದ್ಧತಿ ಪುಟವನ್ನು ಕೇಳುತ್ತದೆ. ಶಾಲೆಯ ಮಟ್ಟದಲ್ಲಿ ಯಾವ ಪದ್ಧತಿಯಾದರೂ ಆದೀತು. ಪುಟಸಂಖ್ಯೆಯನ್ನು ಮಾತ್ರ ಕೇಳುವುದು ಒಳ್ಳೆಯದೆಂಬುದು ನನ್ನ ಅಭಿಮತ. ಪುಟ ಬರೆಯಬೇಕಾದವನು ಪುಸ್ತಕವನ್ನು ತೆರೆಯಲೇಬೇಕಲ್ಲ!

ಕನ್ನಡ ವಾಕ್ಯದ ವಿಶೇಷ ತೊಡಕು

ಇಂಗ್ಲಿಷಿನ ಕೈಪಿಡಿಗಳು ಹೇಳದ, ಕನ್ನಡದಲ್ಲಿ ಬರೆಯುವವರು ತಾವಾಗಿ ಅರಿಯಬೇಕಾದ ಒಂದು ವಿಷಯವಿದೆ. ನಮ್ಮ ಆಡುಮಾತು ಈ ಸಮಸ್ಯೆಯನ್ನು ಹಿಂದೆಯೇ ಬಗೆಹರಿಸಿಕೊಂಡಿದೆ. ಯಾರೋ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುವಾಗ ‘ಬಸ್ಸು ಸಿಕ್ಕಲಿಲ್ಲವಂತೆ, ನಡೆದುಕೊಂಡೇ ಬಂದನಂತೆ, ದಾರಿಯಲ್ಲಿ ಮಳೆ ಹಿಡಿಯಿತಂತೆ’ ಎನ್ನುತ್ತೇವೆ. ಒಂದೊಂದು ಕ್ರಿಯಾಪದಕ್ಕೂ ‘ಅಂತೆ’ ಸೇರುತ್ತದೆ. ಇದು ನಾನು ಕಂಡದ್ದಲ್ಲ, ಕೇಳಿದ್ದು ಎಂಬುದನ್ನು ವಾಕ್ಯವಾಕ್ಯಕ್ಕೂ ಸೂಚಿಸಿದರೂ ಕೇಳುವವರಿಗೆ ಅದು ಹೊರೆಯಾಗುವುದಿಲ್ಲ. ಎಲ್ಲಾದರೂ ಒಂದು ಕಡೆ ‘ಅಂತೆ’ ಬಿಟ್ಟು ‘ಮಳೆ ಹಿಡಿಯಿತು’ ಎಂದರೆ ಎದುರಿಗಿದ್ದವರು ಕೂಡಲೇ ‘ನೀನೂ ಜತೆಗಿದ್ದೆಯಾ?’ ಎಂದು ಕೇಳುತ್ತಾರೆ. ಮಕ್ಕಳಿಗೆ ಆಕರ ಸೂಚನೆಯ ಅರ್ಥವನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ಪ್ರವೇಶದ್ವಾರ ಬೇರೆ ಇಲ್ಲ.

ಶಾಸ್ತ್ರೀಯ ಬರೆಹದಲ್ಲಿ ‘ಅಂತೆ’ ಬಳಸುವುದಿಲ್ಲ. ಬಳಸಿದರೆ ಮೂಲವನ್ನು ಹಗುರಾಗಿ ಕಂಡಂತೆ, ಅದರ ಮಾತನ್ನು ನಂಬದಂತೆ ಧ್ವನಿಸುತ್ತದೆ. ಅದರ ಬದಲಿಗೆ ‘ಎಂದು ಹೇಳಿದ್ದಾರೆ’, ‘ಎಂದು ಅಭಿಪ್ರಾಯಪಟ್ಟಿದ್ದಾರೆ’ ಎಂಬ ರೂಪಗಳಿವೆ. ಇವು ವಾಕ್ಯದ ಕೊನೆಯಲ್ಲಿ ಬರುತ್ತವೆ. ತೊಡಕು ಇರುವುದು ಅಲ್ಲಿಯೇ. ‘ಎಂದು’ ತನ್ನ ವಾಕ್ಯವನ್ನು ಮಾತ್ರ ಆಳುತ್ತದೆ. ಅದರ ಹಿಂದಿನ ಎರಡು ಪೂರ್ಣ ವಾಕ್ಯಗಳೂ ಅದೇ ಲೇಖಕರವೋ, ಬೇರೆಯವರವೋ, ಬರೆದವರ ಸ್ವಂತದ್ದೋ ಎಂಬುದನ್ನು ವ್ಯಾಕರಣ ಹೇಳಲಾರದು.

ನೀಲಗಿರಿಯ ಬಡಗ ನುಡಿಯ ಬಗ್ಗೆ ಒಬ್ಬರು ಹೀಗೆ ಬರೆದರೆಂದು ಇಟ್ಟುಕೊಳ್ಳೋಣ: ‘ಬಡಗವು ನೀಲಗಿರಿಯ ಬಡಗರ ಮಾತು. ಅದು ಕನ್ನಡದ ಒಂದು ಉಪಭಾಷೆ. ಅದರ ಸ್ವರಗಳಲ್ಲಿ ಮೂರ್ಧನ್ಯತೆಯ ಎರಡು ಮಟ್ಟಗಳು ಅರ್ಥವನ್ನು ಬೇರ್ಪಡಿಸುತ್ತವೆ ಎಂದು ಎಮೆನೋ (1939) ತೋರಿಸಿದ್ದಾರೆ.’ ಮೊದಲನೆಯ ವಾಕ್ಯ ಸರ್ವವಿದಿತ, ಆಕರ ಬೇಡ. ಮೂರನೆಯದು ಎಮೆನೋ ಅವರ ಶೋಧನೆ, ಸೂಚನೆ ಸರಿಯಾಗಿದೆ. ಎರಡನೆಯದು ಯಾರದು? ಓದುಗನು ಎಮೆನೋ ಅವರದೆಂದೇ ಭಾವಿಸುತ್ತಾನೆ. ವಾಸ್ತವದಲ್ಲಿ ಬಡಗವನ್ನು ಕನ್ನಡದ ಉಪಭಾಷೆಯೆಂದು ಎಣಿಸಿದ್ದು ಗ್ರಿಯರ್ಸನ್ನರ ಭಾರತೀಯ ಭಾಷಾ ಸರ್ವೇಕ್ಷಣೆಯ 4ನೆಯ ಸಂಪುಟ (1906). ಆ ಸಂಪುಟವನ್ನು ಸಿದ್ಧಪಡಿಸಿದವರು ಸ್ಟೆನ್ ಕೊನೋ. ಎಮೆನೋ ತಮ್ಮ ಲೇಖನದ ಶೀರ್ಷಿಕೆಯಲ್ಲಿಯೇ ಅದನ್ನು ‘ಬಡಗ ಭಾಷೆ’ ಎಂದು ಕರೆದಿದ್ದಾರೆ. ಒಂದು ಜನಸಮುದಾಯದ ಮಾತು ಸ್ವತಂತ್ರ ಭಾಷೆಯೋ ಇನ್ನೊಂದರ ಉಪಭಾಷೆಯೋ ಎಂಬುದು ಆ ಜನರಿಗೆ ಸಣ್ಣ ವಿಷಯವಲ್ಲ. ರಾಜ್ಯದ ಭಾಷೆಯ ನೆರಳಿನಲ್ಲಿ ತಮ್ಮ ನುಡಿಯನ್ನು ಉಳಿಸಿಕೊಂಡು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ವಿದ್ವಾಂಸರ ಹೆಸರಿನಲ್ಲಿ ಅವರು ಆಡದ ತೀರ್ಪನ್ನು ಹೊರಿಸುವುದು ಇಲ್ಲಿ ಕೇವಲ ಒಂದು ಸೂಚನೆಯ ಕೊರತೆಯಿಂದ ನಡೆದುಹೋಯಿತು.

ಪರಿಹಾರವೂ ಕನ್ನಡದಲ್ಲಿಯೇ ಇದೆ. ಹೆಸರನ್ನು ವಾಕ್ಯದ ಮುಂಭಾಗಕ್ಕೆ ತರಬೇಕು: ‘ಎಮೆನೋ ಅವರ ಪ್ರಕಾರ’, ‘ಸರ್ವೇಕ್ಷಣೆಯ ವರ್ಗೀಕರಣದಂತೆ’, ‘ನಿರ್ಣಯವು ಹೇಳುವ ಮೇರೆಗೆ’. ಹೀಗೆ ಆರಂಭಿಸಿದ ಮೇಲೆ ಮುಂದಿನ ವಾಕ್ಯಗಳಲ್ಲಿ ‘ಅವರ ಎಣಿಕೆಯಲ್ಲಿ’, ‘ಅದೇ ಲೇಖನದಲ್ಲಿ’, ‘ಮುಂದುವರಿದು ಅವರು’ ಎಂಬ ಸಣ್ಣ ಕೊಂಡಿಗಳು ಎಳೆಯನ್ನು ಹಿಡಿದುಕೊಳ್ಳುತ್ತವೆ. ಕನ್ನಡದಲ್ಲಿ ಕರ್ತೃಪದವನ್ನು ಬಿಟ್ಟು ವಾಕ್ಯ ರಚಿಸುವ ಸ್ವಾತಂತ್ರ್ಯ ಹೆಚ್ಚು. ಕಥೆಯಲ್ಲಿ ಅದು ಸೊಗಸು. ಆಕರಗಳನ್ನು ಆಧರಿಸಿ ಬರೆಯುವಾಗ ಮಾತ್ರ ಆ ಸ್ವಾತಂತ್ರ್ಯವನ್ನು ಸ್ವಲ್ಪ ಬಿಗಿಹಿಡಿಯಬೇಕಾಗುತ್ತದೆ.

ಕೊಂಡಿಪದ ಒಂದೇ ಆಗಿ ಆಕರಗಳು ಎರಡಾದಾಗಲೂ ಇದೇ ಗೊಂದಲ. ಕಾಸರಗೋಡಿನ ಚರಿತ್ರೆಯನ್ನು ಬರೆಯುವ ವಿದ್ಯಾರ್ಥಿ ‘ಆಯೋಗ’ ಎಂಬ ಪದವನ್ನು ಎರಡು ಕಡೆ ಬಳಸುತ್ತಾನೆ. ಕಾಸರಗೋಡು ತಾಲೂಕು ಕೇರಳಕ್ಕೆ ಸೇರಬೇಕೆಂದು ಶಿಫಾರಸು ಮಾಡಿದ್ದು ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ (1955). ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದದ್ದು ಮಹಾಜನ ಆಯೋಗ (1967). ‘ಆಯೋಗ ಹೀಗೆಂದಿತು, ಆಯೋಗ ಹಾಗೆಂದಿತು’ ಎಂದು ಬರೆದರೆ ಒಂದೇ ಆಯೋಗ ತನ್ನ ಮಾತನ್ನು ತಾನೇ ಅಲ್ಲಗಳೆದಂತಾಗುತ್ತದೆ. ಎರಡರಲ್ಲಿ ಯಾವುದು ಸರಿಯೆಂಬುದು ಈ ಪಾಠದ ವಿಷಯವಲ್ಲ. ಯಾವುದು ಯಾರದೆಂಬುದು ಮಾತ್ರ ವಿಷಯ. ಒಂದೇ ಪದ ಎರಡು ಆಕರಗಳಿಗೆ ಅನ್ವಯಿಸುವ ಖಂಡಿಕೆಯಲ್ಲಿ ಪ್ರತಿಬಾರಿಯೂ ಪೂರ್ಣ ಹೆಸರು ಬರೆಯಬೇಕು. ಅಲ್ಲಿ ಪುನರುಕ್ತಿ ದೋಷವಲ್ಲ.

ಬೇರೆ ಭಾಷೆಯಿಂದ ತಂದಾಗ

ನಮ್ಮ ಓದು ಒಂದೇ ಭಾಷೆಯದಲ್ಲ. ಮಲಯಾಳದ ಪಠ್ಯಸಾಮಗ್ರಿ, ಇಂಗ್ಲಿಷಿನ ಸುತ್ತೋಲೆ, ಕರ್ನಾಟಕದಲ್ಲಿ ಅಚ್ಚಾದ ಪುಸ್ತಕ ಎಲ್ಲವೂ ನಮ್ಮ ಮೇಜಿನ ಮೇಲೆ ಇರುತ್ತವೆ. ಸೊಲ್ಲಾಪುರದಲ್ಲಿ ಮರಾಠಿಯ, ಆದೋನಿಯಲ್ಲಿ ತೆಲುಗಿನ ಮಾತು ಇದೇ. ಮಲಯಾಳದ ಲೇಖನವೊಂದರ ವಿಚಾರವನ್ನು ಕನ್ನಡದಲ್ಲಿ ಬರೆದಾಗ ಅಲ್ಲಿನ ಒಂದು ಪದವೂ ನಮ್ಮ ಪುಟದಲ್ಲಿ ಉಳಿದಿರುವುದಿಲ್ಲ. ಪದ ಹುಡುಕಲು ಪಟ್ಟ ಶ್ರಮ ನಮ್ಮದು, ವಾಕ್ಯರಚನೆ ನಮ್ಮದು; ಹೀಗಾಗಿ ಬರೆಹವೇ ನಮ್ಮದೆಂಬ ಭಾವನೆ ಮೂಡುವುದು ಸಹಜ. ಆದರೆ ಅನುವಾದಿಸಿ ಹೇಳುವುದೆಂದರೆ ಸ್ವಂತ ಮಾತಿನ ನಿರೂಪಣೆಯೇ. ಒಂದೇ ಭಾಷೆಯೊಳಗೆ ಎಷ್ಟು ಸೂಚನೆ ಬೇಕೋ ಇಲ್ಲಿಯೂ ಅಷ್ಟೇ ಬೇಕು, ಜತೆಗೆ ಮೂಲದ ಭಾಷೆ ಯಾವುದು, ಅನುವಾದ ಯಾರದು ಎಂಬ ಒಂದು ಮಾತೂ ಬೇಕು.

ವಿಶ್ವವಿದ್ಯಾಲಯಗಳಲ್ಲಿ ಈಗ ಪ್ರಬಂಧಗಳನ್ನು ಗಣಕತಂತ್ರದಿಂದ ಪರೀಕ್ಷಿಸುತ್ತಾರೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿ ಶೇಕಡಾ 10ರವರೆಗಿನ ಹೋಲಿಕೆಗೆ ದಂಡ ವಿಧಿಸುವುದಿಲ್ಲ. 10ರಿಂದ 40ರವರೆಗೆ ಇದ್ದರೆ ಸಂಶೋಧಕರು ತಿದ್ದಿ ಮತ್ತೆ ಸಲ್ಲಿಸಬೇಕು, 60 ಮೀರಿದರೆ ನೋಂದಣಿಯೇ ರದ್ದು. ಬಿ.ಎಡ್. ಮುಗಿಸಿ ಮುಂದೆ ಓದುವ ನಮ್ಮ ಯುವ ಅಧ್ಯಾಪಕರು ಈ ಅಂಕೆಗಳನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಯಂತ್ರ ಮುಖ್ಯವಾಗಿ ಹೋಲಿಸುವುದು ಪದಗಳನ್ನು. ಮಲಯಾಳದಿಂದ ಕನ್ನಡಕ್ಕೆ ಬಂದ ವಿಚಾರ ಅದರ ಬಲೆಯಿಂದ ಸಾಮಾನ್ಯವಾಗಿ ನುಣುಚಿಕೊಳ್ಳುತ್ತದೆ. ಹಾಗೆಂದು ಸೂಚನೆ ಬೇಡವಾಗುವುದಿಲ್ಲ. ಹತ್ತರೊಳಗಿದ್ದರೆ ಎಲ್ಲವೂ ಸರಿಯೆಂಬ ತಿಳಿವಳಿಕೆಯನ್ನು ಮೊದಲು ಬಿಡಿಸಬೇಕು.

ಓದಿದ್ದು ಎಲ್ಲಿ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. 1949ರ ನಿರ್ಣಯದ ಮೂಲಪ್ರತಿಯನ್ನು ನಮ್ಮಲ್ಲಿ ಹೆಚ್ಚಿನವರು ನೋಡಿರುವುದಿಲ್ಲ. ಯಾವುದೋ ಸ್ಮರಣ ಸಂಚಿಕೆಯ ಲೇಖನದಲ್ಲಿಯೋ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ವರದಿಯಲ್ಲಿಯೋ ಓದಿರುತ್ತೇವೆ. ಅಂಥಲ್ಲಿ ನಿರ್ಣಯವನ್ನು ಹೆಸರಿಸಿ ‘ಇಂಥ ವರದಿಯಲ್ಲಿ ಉದ್ಧೃತವಾದಂತೆ’ ಎಂದು ಮೊದಲ ಸಲ ಹೇಳಿದರೆ ಸಾಕು. ಪ್ರತಿ ವಾಕ್ಯಕ್ಕೂ ಎರಡು ಆಕರಗಳನ್ನು ಹೊರಿಸಬೇಕಿಲ್ಲ.

ಯಾವುದಕ್ಕೆ ಸೂಚನೆಯೇ ಬೇಡ ಎಂಬ ಪ್ರಶ್ನೆಯನ್ನು ಮಕ್ಕಳು ಕೇಳಿಯೇ ಕೇಳುತ್ತಾರೆ. 1956ರ ನವೆಂಬರ್ 1ರಂದು ಕೇರಳ ರಾಜ್ಯ ರೂಪುಗೊಂಡಿತು, 1984ರಲ್ಲಿ ಕಾಸರಗೋಡು ಜಿಲ್ಲೆಯಾಯಿತು ಎಂಬಂತಹ, ಯಾವ ಗ್ರಂಥದಲ್ಲಿ ನೋಡಿದರೂ ಒಂದೇ ಆಗಿರುವ ಸಂಗತಿಗಳಿಗೆ ಬೇಡ. ಆದರೆ ಜಿಲ್ಲೆಯಲ್ಲಿ ಕನ್ನಡ ಮಾತನಾಡುವವರು ಎಷ್ಟು ಎಂಬುದು ಯಾವ ವರ್ಷದ ಜನಗಣತಿಯೆಂಬುದನ್ನು ಅವಲಂಬಿಸಿದೆ. ಅಲ್ಲಿ ಆಕರ ಕಡ್ಡಾಯ. ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತು ತಿರುವನಂತಪುರದ ಓದುಗನಿಗೆ ಹೊಸತಾಗಿರಬಹುದು. ಸಂಶಯವಿದ್ದಲ್ಲಿ ಸೂಚಿಸಿಬಿಡುವುದೇ ಮೇಲು.

ತರಗತಿಯಲ್ಲಿ

ಒಂಬತ್ತನೆಯ ತರಗತಿಯಿಂದ ಮೇಲಿನವರಿಗೆ ಈ ಚಟುವಟಿಕೆ ಹಿಡಿಸುತ್ತದೆ. ಪ್ರಬಂಧದ ಕರಡು ಸಿದ್ಧವಾದ ಮೇಲೆ ವಿದ್ಯಾರ್ಥಿ ತನ್ನ ಒಂದು ಪುಟವನ್ನು ತೆಗೆದುಕೊಂಡು, ಒಂದೊಂದು ಆಕರಕ್ಕೆ ಒಂದೊಂದು ಬಣ್ಣದ ಪೆನ್ಸಿಲಿನಿಂದ ವಾಕ್ಯಗಳ ಅಡಿಗೆ ಗೆರೆ ಎಳೆಯಲಿ. ಸ್ವಂತ ಮಾತಿಗೆ ಗೆರೆ ಬೇಡ. ಅನಂತರ ಬಣ್ಣ ಬದಲಾಗುವ ಪ್ರತಿಯೊಂದು ಜಾಗದಲ್ಲಿ, ಗೆರೆ ನಿಲ್ಲುವ ಪ್ರತಿಯೊಂದು ಜಾಗದಲ್ಲಿ, ಹೆಸರೋ ಕೊಂಡಿಪದವೋ ಇದೆಯೇ ಎಂದು ನೋಡಲಿ. ಇಲ್ಲದಿದ್ದರೆ ಸೇರಿಸಲಿ. ಒಂದೇ ಬಣ್ಣ ಉದ್ದಕ್ಕೂ ಹರಿದ ಕಡೆ ಮೂರು ನಾಲ್ಕು ಆವರಣಗಳಿದ್ದರೆ ಒಂದನ್ನುಳಿಸಿ ಮಿಕ್ಕವನ್ನು ಹೊಡೆದುಹಾಕಲಿ. ಪುಟದ ಉದ್ದಕ್ಕೂ ಬಣ್ಣವೇ ತುಂಬಿ ಗೆರೆಯಿಲ್ಲದ ವಾಕ್ಯ ಒಂದೂ ಉಳಿಯದಿದ್ದರೆ, ಸೂಚನೆಗಳ ಸಂಖ್ಯೆಯನ್ನು ತಿದ್ದುವುದರಿಂದ ಪ್ರಯೋಜನವಿಲ್ಲ, ‘ಇದರಲ್ಲಿ ನಿನಗೇನನಿಸಿತು?’ ಎಂದು ಕೇಳಿ ಎರಡು ವಾಕ್ಯ ಬರೆಸಬೇಕು.

ಕೆಳಗಿನ ತರಗತಿಗಳಲ್ಲಿ ಆವರಣ, ವರ್ಷ, ಪುಟಗಳ ಗೋಜು ಬೇಡ. ‘ಇದನ್ನು ಗ್ರಂಥಾಲಯದ ಇಂಥ ಪುಸ್ತಕದಲ್ಲಿ ಓದಿದೆ’, ‘ಇದನ್ನು ನಮ್ಮ ಅಜ್ಜಿ ಹೇಳಿದರು’ ಎಂದು ಬರೆಯುವ ರೂಢಿ ಐದನೆಯ ತರಗತಿಯಲ್ಲಿಯೇ ಬರಲಿ. ಅಜ್ಜಿಯಿಂದ ಕೇಳಿದ್ದಕ್ಕೆ ಮಗು ‘ಅಂತೆ’ ಹಚ್ಚಿ ಬರೆದರೆ ಅದನ್ನು ಆಡುಮಾತೆಂದು ಕೆಂಪು ಶಾಯಿಯಲ್ಲಿ ಹೊಡೆಯಬೇಡಿ. ಎಂಟನೆಯ ತರಗತಿಗೆ ಬಂದಾಗ ಅದೇ ‘ಅಂತೆ’ಯನ್ನು ‘ಅಜ್ಜಿಯ ಹೇಳಿಕೆಯ ಪ್ರಕಾರ’ ಎಂದು ಬದಲಾಯಿಸಲು ಹೇಳಿಕೊಡಬಹುದು.

ಅಂಕ ನೀಡುವಾಗ ಆಕರ ಸೂಚನೆಗೆ ಪ್ರತ್ಯೇಕವಾಗಿ ಅಂಕವಿರಿಸಿದ್ದರೆ, ಆವರಣಗಳನ್ನು ಎಣಿಸಿ ಕೊಡುವ ಪದ್ಧತಿ ಬೇಡ. ಯಾವುದಾದರೂ ಮೂರು ವಾಕ್ಯಗಳನ್ನು ಆರಿಸಿಕೊಂಡು ‘ಇದು ಯಾರ ಮಾತು?’ ಎಂದು ವಿದ್ಯಾರ್ಥಿಯನ್ನು ಕೇಳಿ, ಉತ್ತರವನ್ನು ಪುಟದಲ್ಲಿಯೇ ತೋರಿಸಲು ಹೇಳಬೇಕು. ಬಾಯಲ್ಲಿ ಉತ್ತರ ಸರಿಯಾಗಿ ಬಂದು ಪುಟದಲ್ಲಿ ಕಾಣದಿದ್ದರೆ, ಅಲ್ಲಿಯೇ ಪೆನ್ನು ಕೊಟ್ಟು ಬರೆಸಿಕೊಳ್ಳಬಹುದು.